ಹೊಲದ ಮೂಲೆ, ಊರಿನ ಗೋಡೆ

ಹೊಲ ಕೊಯ್ಯುವಾಗ ಮೂಲೆಗಳನ್ನು ಪೂರ್ತಿ ಕೊಯ್ಯಬೇಡ. ಹಕ್ಕಲಾಯಬೇಡ. ದ್ರಾಕ್ಷಿತೋಟದಲ್ಲಿ ಉದುರಿದ ಹಣ್ಣುಗಳನ್ನು ಹೆಕ್ಕಬೇಡ. ಬಡವರಿಗೂ ಪರದೇಶಿಗಳಿಗೂ ಅವು ಇರಲಿ. ಬೈಬಲಿನ ಯಾಜಕಕಾಂಡದ 19ನೆಯ ಅಧ್ಯಾಯದ ಈ ಆಜ್ಞೆ, ಯಹೂದಿ ಮಕ್ಕಳಿಗೆ ಸಾಮಾಜಿಕ ನ್ಯಾಯದ ಪಾಠ ಹೇಳುವವರು ಬಹಳ ಬೇಗ ತೆರೆಯುವ ಪುಟ. ಕೇಳುವುದಕ್ಕೆ ಹಿತವಾಗಿದೆ. ಇಂಥ ಹಿತವಾದ ಮಾತುಗಳು ಎಲ್ಲ ಧರ್ಮಗ್ರಂಥಗಳಲ್ಲೂ ಇವೆ. ಗೋಡೆಯ ಮೇಲೆ ಬಣ್ಣದ ಅಕ್ಷರಗಳಲ್ಲಿ ಬರೆಸಿ ಮರೆತುಬಿಡುವುದಕ್ಕೂ ಅವು ಬಹಳ ಅನುಕೂಲ. ನನ್ನ ಕಿವಿ ನಿಮಿರಿದ್ದು ಆಮೇಲೆ ಬಂದ ಪ್ರಶ್ನೆಗೆ: ಮೂಲೆ ಎಂದರೆ ಎಷ್ಟು?

ಯಾಜಕಕಾಂಡವೂ ಸೇರಿದ ಯಹೂದಿಗಳ ಮೂಲ ಧರ್ಮಗ್ರಂಥ ತೋರಾ ಅಳತೆ ಹೇಳುವುದಿಲ್ಲ. ಕ್ರಿ.ಶ. 200ರ ಆಸುಪಾಸಿನಲ್ಲಿ ಸಂಕಲನಗೊಂಡ ಕಟ್ಟಳೆಗಳ ಸಂಗ್ರಹ ಮಿಷ್ನಾ ಹೇಳುತ್ತದೆ: ಅರವತ್ತರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗಬಾರದು, ಹೊಲದ ವಿಸ್ತಾರವನ್ನೂ ಬಡವರ ಸಂಖ್ಯೆಯನ್ನೂ ನೋಡಿಕೊಂಡು ಬಿಡಬೇಕು. ಬಡವರು ಬರುವಾಗ ಕುಡುಗೋಲು, ಗುದ್ದಲಿ ತರುವಂತಿಲ್ಲ, ನೂಕುನುಗ್ಗಲಿನಲ್ಲಿ ಒಬ್ಬರಿಗೊಬ್ಬರು ಪೆಟ್ಟು ಮಾಡಿಕೊಂಡಾರು. ದಿನಕ್ಕೆ ಮೂರು ಹೊತ್ತು ಅವರು ಹೊಲಕ್ಕೆ ಬರಬಹುದು. ಬಿಡುವ ಪಾಲು ಹೊಲದ ಕೊನೆಯ ಅಂಚಿನಲ್ಲೇ ಏಕಿರಬೇಕು ಎಂದು ಮಿಷ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುಡ್ ಇನ್ನೂ ಕೆದಕುತ್ತದೆ. ಎಲ್ಲಿ ಬೇಕಾದರೂ ಬಿಡಬಹುದೆಂದರೆ, ಒಡೆಯ ಯಾರೂ ಇಲ್ಲದ ಹೊತ್ತು ನೋಡಿ ತನ್ನ ಬಡ ನೆಂಟನಿಗೆ ಮಾತ್ರ ಸುಳಿವು ಕೊಟ್ಟಾನು. ಯಾವಾಗ ಬಿಡುತ್ತಾನೋ ಎಂದು ಬಡವರು ಇಡೀ ದಿನ ಬದುವಿನ ಮೇಲೆ ಕಾಯುತ್ತಾ ಕೂರಬೇಕಾದೀತು. ಮೋಸಗಾರ ‘ಆಗಲೇ ಬಿಟ್ಟಾಯಿತಲ್ಲ’ ಎಂದು ಕೈ ಝಾಡಿಸಿಯಾನು. ಮನುಷ್ಯರು ಹೇಗಿರುತ್ತಾರೆ ಎಂದು ಚೆನ್ನಾಗಿ ಬಲ್ಲವರು ಬರೆದ ಕಾನೂನು ಇದು. ಒಳ್ಳೆಯತನವನ್ನು ನಂಬುತ್ತದೆ, ಆದರೆ ಅದನ್ನೇ ನೆಚ್ಚಿ ಕೂರುವುದಿಲ್ಲ.

ಮರೆತ ಸಿವುಡಿನ ನಿಯಮ ಇದಕ್ಕಿಂತ ಸೊಗಸು. ಕೊಯ್ಲಿನ ವೇಳೆ ಒಂದು ಸಿವುಡನ್ನು ಹೊಲದಲ್ಲೇ ಮರೆತು ಬಂದರೆ ಅದಕ್ಕಾಗಿ ಹಿಂದಿರುಗಬಾರದು. ಅದು ಪರದೇಶಿಯ, ಅನಾಥರ, ವಿಧವೆಯರ ಪಾಲು ಎನ್ನುತ್ತದೆ ತೋರಾದ ಧರ್ಮೋಪದೇಶಕಾಂಡ. ಬೇಕೆಂದೇ ಮರೆಯಲು ಯಾರಿಗೂ ಬರುವುದಿಲ್ಲವಾದ್ದರಿಂದ ಈ ಆಜ್ಞೆಯನ್ನು ಸಂಕಲ್ಪ ಮಾಡಿ ಪಾಲಿಸಲಾಗದು. ಒಬ್ಬ ಧರ್ಮಿಷ್ಠನಿಗೆ ಹಾಗೆ ಮರೆವು ಬಂದದ್ದೇ ತಡ, ಎಂದೂ ಕೈಗೆ ಸಿಗದ ಪುಣ್ಯ ತಾನಾಗಿ ಒದಗಿತೆಂದು ಮಗನನ್ನು ಕಳಿಸಿ ಬಲಿ ಅರ್ಪಿಸಿ ಸಂಭ್ರಮಿಸಿದನೆಂಬ ಕಥೆ ಮಿಷ್ನಾಕ್ಕೆ ಪೂರಕ ಗ್ರಂಥವಾದ ತೊಸೆಫ್ತಾದಲ್ಲಿದೆ. ಹನ್ನೆರಡು ವರ್ಷದ ಮಕ್ಕಳು ಈ ಕಥೆಗೆ ಬಿದ್ದು ಬಿದ್ದು ನಕ್ಕದ್ದನ್ನು ನಾನು ನೋಡಿದ್ದೇನೆ.

ನಾನಿರುವುದು ನ್ಯೂಜೆರ್ಸಿಯಲ್ಲಿ. ಶನಿವಾರ ಬೆಳಿಗ್ಗೆ ನಮ್ಮ ಊರಿನ ಮಕ್ಕಳಿಗೆ ಕನ್ನಡ ಕಲಿಸುವವರಲ್ಲಿ ನಾನೂ ಒಬ್ಬಳು. ಶನಿವಾರ ಯಹೂದಿಗಳ ವಿಶ್ರಾಂತಿಯ ದಿನ, ಸಬ್ಬತ್, ಆದ್ದರಿಂದ ಹತ್ತಿರದ ಸಿನಗಾಗಿನ, ಅಂದರೆ ಯಹೂದಿ ಪ್ರಾರ್ಥನಾ ಮಂದಿರದ, ಮಕ್ಕಳ ಶಾಲೆ ಭಾನುವಾರ ನಡೆಯುತ್ತದೆ. ಅಲ್ಲಿ ಪಾಠ ಹೇಳುವ ಒಬ್ಬರ ಪರಿಚಯವಾಗಿ, ದೊಡ್ಡ ಮಕ್ಕಳ ತರಗತಿಯ ಹಿಂದಿನ ಸಾಲಿನಲ್ಲಿ ಕೂರುವ ಅವಕಾಶ ಸಿಕ್ಕಿತು. ಅದು ಯಹೂದಿಗಳಲ್ಲಿ ಉದಾರವಾದಿಗಳಾದ ರಿಫಾರ್ಮ್ ಪಂಥದ ಸಿನಗಾಗ್. ಸಾಮಾಜಿಕ ನ್ಯಾಯವನ್ನು ಧರ್ಮಶಿಕ್ಷಣದ ನಡುಮನೆಗೆ ತಂದು ಕೂರಿಸಿದ ಪಂಥ. ನನ್ನದು ಹೊರಗಿನವಳ ನೋಟ. ಪೀಳಿಗೆಯಿಂದ ಪೀಳಿಗೆಗೆ ಭಾಷೆ, ಹಬ್ಬ, ಅಡುಗೆ ದಾಟಿಸಲು ಹೆಣಗುತ್ತಿರುವ ಇನ್ನೊಂದು ಸಮುದಾಯದವಳ ಸ್ವಾರ್ಥವೂ ಅದರಲ್ಲಿತ್ತು ಎನ್ನಿ. ಮೌಲ್ಯಗಳನ್ನು ಇವರು ಹೇಗೆ ಕಲಿಸುತ್ತಾರೆ, ನೋಡಿ ಕದಿಯೋಣ ಎಂದೇ ಹೋದೆ.

ಅಲ್ಲಿ ನನ್ನನ್ನು ಅಲುಗಾಡಿಸಿದ್ದು ತಾಲ್ಮುಡ್‌ನ ಬಾವಾ ಬಾತ್ರಾ ಭಾಗದ ಒಂದು ವೇಳಾಪಟ್ಟಿ. ಊರಿಗೆ ಹೊಸದಾಗಿ ಬಂದವನು ಯಾವಾಗ ಊರಿನವನಾಗುತ್ತಾನೆ? ಹನ್ನೆರಡು ತಿಂಗಳು ಕಳೆದ ಮೇಲೆ. ಮನೆ ಕೊಂಡರೆ ಆ ಗಳಿಗೆಯಿಂದಲೇ ಎನ್ನುತ್ತದೆ ಮಿಷ್ನಾ. ಅದರ ಮೇಲಿನ ಚರ್ಚೆ ಈ ಹನ್ನೆರಡು ತಿಂಗಳನ್ನು ಮೆಟ್ಟಿಲುಗಳಾಗಿ ಒಡೆಯುತ್ತದೆ. ಮೂವತ್ತು ದಿನವಾದರೆ ಅವನು ಊರಿನ ಅನ್ನದ ಹಂಡೆಗೆ ತನ್ನ ಪಾಲು ಹಾಕಬೇಕು. ಮೂರು ತಿಂಗಳಿಗೆ ಬಡವರ ಹುಂಡಿಗೆ. ಆರು ತಿಂಗಳಿಗೆ ಬಟ್ಟೆಯ ನಿಧಿಗೆ. ಒಂಬತ್ತಕ್ಕೆ ಶವಸಂಸ್ಕಾರದ ನಿಧಿಗೆ. ಹನ್ನೆರಡಾದ ಮೇಲೆ ಊರಿನ ಗೋಡೆಯ ಖರ್ಚಿಗೆ.

ಆ ಕ್ರಮವನ್ನು ಗಮನಿಸಿ. ಹಸಿದವರ ಊಟ ಮೊದಲು, ಗೋಡೆ ಕೊನೆಗೆ. ನಾವು ವಲಸೆ ಬಂದವರು ಲೆಕ್ಕ ಹಾಕುವುದೇ ಬೇರೆ ರೀತಿ. ವೀಸಾ ಎಷ್ಟು ವರ್ಷ, ಹಸಿರು ಕಾರ್ಡಿನ ಸಾಲು ಎಷ್ಟು ಉದ್ದ, ಮತ ಹಾಕುವುದು ಯಾವಾಗ. ಊರು ನಮಗೆ ಏನು ಕೊಡುತ್ತದೆ ಎಂಬುದರಿಂದ ನಾವು ಊರಿನವರಾಗುವ ದಿನ ನಿಶ್ಚಯವಾಗುತ್ತದೆ. ತಾಲ್ಮುಡ್‌ನ ಆ ಪಂಡಿತರು, ಬಂದವನು ಊರಿಗೆ ಏನು ಕೊಡಬೇಕು ಎಂಬುದರಿಂದ ದಿನ ಎಣಿಸಿದರು. ಬ್ಯಾಬಿಲೋನಿಗೆ ಗಡೀಪಾರಾದವರಿಗೆ ಯೆರೆಮೀಯ ಪ್ರವಾದಿ ಬರೆದ ಪತ್ರವೂ ಇದೇ ಜಾಡಿನದು: ನಿಮ್ಮನ್ನು ಸೆರೆ ಒಯ್ದಿರುವ ಪಟ್ಟಣದ ಕ್ಷೇಮವನ್ನು ಹಾರೈಸಿರಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ. ಸೆರೆ ಒಯ್ದವರ ಊರಿಗೂ ಕ್ಷೇಮ ಬಯಸಬೇಕಂತೆ! ಸುಲಭದ ಮಾತಲ್ಲ.

ಹುಂಡಿಯ ಆಡಳಿತದ ವಿವರಗಳನ್ನು ನಮ್ಮ ಕನ್ನಡ ಸಂಘಗಳ ಖಜಾಂಚಿಗಳು ಒಮ್ಮೆ ಓದಬೇಕು. ಹಣ ಎತ್ತುವುದಕ್ಕೆ ಕನಿಷ್ಠ ಇಬ್ಬರು, ಹಂಚುವುದಕ್ಕೆ ಮೂವರು. ಎತ್ತಲು ಹೋದ ಇಬ್ಬರು ದಾರಿಯಲ್ಲಿ ಬೇರೆಬೇರೆಯಾಗಬಾರದು. ಒಬ್ಬನಿಗೆ ಬೀದಿಯಲ್ಲಿ ನಾಣ್ಯ ಸಿಕ್ಕರೆ ತನ್ನ ಜೇಬಿಗೆ ಹಾಕುವಂತಿಲ್ಲ, ನೋಡಿದವರು ಹುಂಡಿಯದೆಂದುಕೊಂಡಾರು. ಹುಂಡಿಗೇ ಹಾಕಿ ಮನೆಗೆ ಹೋದ ಮೇಲೆ ತೆಗೆದುಕೊಳ್ಳಬೇಕು. ಚಿಲ್ಲರೆ ಬದಲಾಯಿಸುವಾಗ ಬೇರೆಯವರಿಂದ ಬದಲಾಯಿಸಿಕೊಳ್ಳಬೇಕೇ ಹೊರತು ತಮ್ಮ ಚೀಲದಿಂದ ಅಲ್ಲ. ದಾನ ಪಡೆದು ಬದುಕುವವನೂ ದಾನ ಮಾಡಲೇಬೇಕೆಂಬ ಇನ್ನೊಂದು ನಿಯಮವೂ ಇದೆ. ಮೊದಲು ಅದು ನನಗೆ ಕ್ರೂರವೆನಿಸಿತು. ತರಗತಿಯ ಹುಡುಗನೊಬ್ಬ ಹೇಳಿದ: ಕೊಡುವ ಹಕ್ಕನ್ನೂ ಕಿತ್ತುಕೊಂಡರೆ ಅವನಿಗೆ ಉಳಿಯುವುದೇನು? ಆ ಹುಡುಗನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಇದೆಲ್ಲ ಕಾಗದದ ಮೇಲಿನ ಆದರ್ಶವಾಗಿ ಉಳಿಯಲಿಲ್ಲ ಎನ್ನುವುದಕ್ಕೆ ಕೈರೋದ ಗೆನಿಜಾ ಸಾಕ್ಷಿ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗಿನ ಕೋಣೆಯೊಂದರಲ್ಲಿ ಶತಮಾನಗಳ ಕಾಲ ತುಂಬಿಟ್ಟ ಹರಕು ಕಾಗದಗಳಲ್ಲಿ ರೊಟ್ಟಿ ಪಡೆದ ಬಡವರ ಪಟ್ಟಿಗಳು ಸಿಕ್ಕಿವೆ, ದೇಣಿಗೆ ಕೊಟ್ಟವರ ಪಟ್ಟಿಗಳು ಸಿಕ್ಕಿವೆ. ಸೆರೆಯಾಳುಗಳನ್ನು ಬಿಡಿಸಲು ಹಣ ಕೂಡಿಸಿ ಎಂದು ಮಧ್ಯಯುಗದ ಯಹೂದಿ ಪಂಡಿತ ಮೈಮೋನಿಡೀಸ್ ಹೊರಡಿಸಿದ ಪತ್ರವೂ ಅಲ್ಲಿತ್ತು. ದಾನಕ್ಕೆ ಎಂಟು ಮೆಟ್ಟಿಲುಗಳನ್ನು ಹೇಳಿದವರು ಇದೇ ಮೈಮೋನಿಡೀಸ್. ಗೊಣಗುತ್ತಾ ಕೊಡುವುದು ತೀರ ಕೆಳಗಿನದು; ಸಾಲವನ್ನೋ ಪಾಲುದಾರಿಕೆಯನ್ನೋ ಕೆಲಸವನ್ನೋ ಕೊಟ್ಟು ಮತ್ತೆ ಕೈ ಚಾಚದಂತೆ ಮಾಡುವುದು ಎಲ್ಲಕ್ಕಿಂತ ಮೇಲಿನದು. ಈ ಎಂಟು ಮೆಟ್ಟಿಲುಗಳ ಚಿತ್ರವಿಲ್ಲದ ಯಹೂದಿ ಭಾನುವಾರ ಶಾಲೆ ಇರಲಿಕ್ಕಿಲ್ಲ.

ಗೆನಿಜಾ ಎಂದಾಗ ನಮ್ಮ ಮಂಗಳೂರು ನೆನಪಾಗಲೇಬೇಕು. 12ನೆಯ ಶತಮಾನದಲ್ಲಿ ಅಲ್ಲಿ ನೆಲೆಸಿದ್ದ ವ್ಯಾಪಾರಿ ಅಬ್ರಹಾಂ ಬೆನ್ ಯಿಜುವಿನ ಪತ್ರಗಳೂ ಆ ಕಾಗದದ ರಾಶಿಯಲ್ಲೇ ದೊರೆತವು. ಆತನ ಗುಲಾಮನೂ ವ್ಯವಹಾರದ ಪ್ರತಿನಿಧಿಯೂ ಆಗಿದ್ದವನ ಹೆಸರು ಬೊಮ್ಮ. ಅಶು ಎಂಬ ಹೆಣ್ಣನ್ನು ದಾಸ್ಯದಿಂದ ಬಿಡಿಸಿದ 1132ರ ಪತ್ರವೂ ಉಳಿದಿದೆ. ಪ್ರತಿ ವರ್ಷ ಪಾಸೋವರ್ ಹಬ್ಬದ ಊಟದಲ್ಲಿ ‘ನಾವು ಈಜಿಪ್ಟಿನಲ್ಲಿ ಫರೋಹನ ಗುಲಾಮರಾಗಿದ್ದೆವು’ ಎಂದು ಓದುವ ಮನೆಯಲ್ಲೇ ಗುಲಾಮನೂ ಇದ್ದ. ಬೆನ್ ಯಿಜುವಿಗೆ ಅದು ಚುಚ್ಚಿತೇ? ಪತ್ರಗಳಲ್ಲಿ ಮೆಣಸು, ಕಬ್ಬಿಣ, ಕಂಚಿನ ಪಾತ್ರೆಗಳ ಮಾತೇ ಹೆಚ್ಚು.

ಈ ಇರಿಸುಮುರಿಸನ್ನು ಮಕ್ಕಳಿಂದ ಬಚ್ಚಿಡದ ಶಿಕ್ಷಕರು ನನಗೆ ಇಷ್ಟ. ಅಮೆರಿಕದ ಅಂತರ್ಯುದ್ಧದ ಹೊಸ್ತಿಲಲ್ಲಿ, 1861ರ ಜನವರಿ 4ರಂದು, ನ್ಯೂಯಾರ್ಕಿನ ರಬ್ಬಿ (ಯಹೂದಿ ಧರ್ಮಗುರು) ಮಾರಿಸ್ ರಾಫಾಲ್ ಬೈಬಲ್ ಗುಲಾಮಗಿರಿಯನ್ನು ಒಪ್ಪುತ್ತದೆ ಎಂದು ಪ್ರವಚನ ಮಾಡಿದರು. ದಕ್ಷಿಣದವರು ಗುಲಾಮನನ್ನು ವಸ್ತುವಿನಂತೆ ಕಾಣುವುದು ಬೈಬಲ್ಲಿನ ರೀತಿಯಲ್ಲ ಎಂದೂ ಸೇರಿಸಿದ್ದರು. ಗುಲಾಮಗಿರಿಯ ಪರವಾಗಿದ್ದವರಿಗೆ ಬೇಕಾಗಿದ್ದದ್ದು ಮೊದಲ ಭಾಗ ಮಾತ್ರ. ಬಾಲ್ಟಿಮೋರಿನ ರಬ್ಬಿ ಡೇವಿಡ್ ಐನ್‌ಹಾರ್ನ್ ತಮ್ಮ ಜರ್ಮನ್ ಪತ್ರಿಕೆಯಲ್ಲಿ ಅದನ್ನು ತೀವ್ರವಾಗಿ ಖಂಡಿಸಿದರು. ಏಪ್ರಿಲ್‌ನಲ್ಲಿ ಊರಲ್ಲಿ ಗಲಭೆಯೆದ್ದು ಅವರು ಕುಟುಂಬದೊಂದಿಗೆ ಫಿಲಡೆಲ್ಫಿಯಾಕ್ಕೆ ಓಡಿಹೋಗಬೇಕಾಯಿತು. ತರಗತಿಯಲ್ಲಿ ಇಬ್ಬರ ವಾದಗಳನ್ನೂ ಹಂಚಿ, ಅರ್ಧ ಮಕ್ಕಳಿಗೆ ರಾಫಾಲ್ ಪರ ನಿಲ್ಲಲು ಹೇಳಿದರು. ಒಬ್ಬ ಹುಡುಗಿ ಅಳುವಂತಾದಳು. ವಚನದ ಅಕ್ಷರಗಳು ರಾಫಾಲ್ ಕಡೆಗೇ ಇದ್ದವು. ಅಕ್ಷರ ಒಂದು ಕಡೆ, ‘ಪರದೇಶಿಯನ್ನು ಪೀಡಿಸಬೇಡ’ ಎಂಬ ಮತ್ತೆ ಮತ್ತೆ ಬರುವ ಆಜ್ಞೆ ಇನ್ನೊಂದು ಕಡೆ. ಯಾವುದು ಯಾವುದನ್ನು ಆಳಬೇಕು? ಶಿಕ್ಷಕಿ ಉತ್ತರ ಹೇಳದೆ ಗಂಟೆ ಮುಗಿಸಿದರು. ನಮ್ಮಲ್ಲಿ ಹೀಗೆ ಮಾಡಿದ್ದರೆ ಸಂಜೆಯೊಳಗೆ ಪೋಷಕರ ವಾಟ್ಸ್‌ಆ್ಯಪ್ ಗುಂಪು ಹೊತ್ತಿ ಉರಿಯುತ್ತಿತ್ತು.

ನಾಗರಿಕ ಹಕ್ಕುಗಳ ಚಳವಳಿಯ ಕಥೆ ಬಂದಾಗ ಎಲ್ಲರೂ ತೋರಿಸುವುದು 1965ರ ಸೆಲ್ಮಾ ಮೆರವಣಿಗೆಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದ್ದ ಮುಂದಿನ ಸಾಲಿನಲ್ಲೇ ನಡೆದ ಬಿಳಿಗಡ್ಡದ ರಬ್ಬಿ ಅಬ್ರಹಾಂ ಹೆಶೆಲ್ ಅವರ ಚಿತ್ರವನ್ನು. ಚಿತ್ರ ಚೆನ್ನಾಗಿದೆ, ಅತಿಯಾಗಿ ಬಳಕೆಯಾಗಿದೆ. ನನಗೆ ಹೆಚ್ಚು ಕಾಡಿದ್ದು ಫ್ಲೋರಿಡಾದ ಸೇಂಟ್ ಅಗಸ್ಟಿನ್. 1964ರ ಜೂನ್‌ನಲ್ಲಿ ಕಿಂಗ್ ಕರೆ ಕಳಿಸಿದಾಗ, ಅಟ್ಲಾಂಟಿಕ್ ಸಿಟಿಯಲ್ಲಿ ಸಮ್ಮೇಳನಕ್ಕೆ ಸೇರಿದ್ದ ರಿಫಾರ್ಮ್ ರಬ್ಬಿಗಳಲ್ಲಿ ಹದಿನಾರು ಮಂದಿ, ಜೊತೆಗೆ ಅದೇ ಪಂಥದ ಸಂಘಟನೆಯ ಆಲ್ಬರ್ಟ್ ವೋರ್ಸ್ಪಾನ್, ಅಲ್ಲಿಗೆ ಹೊರಟರು. ಜೂನ್ 18ರಂದು ಅವರ ಬಂಧನವಾಯಿತು, ಹೆಚ್ಚಿನವರದು ಮಾನ್ಸನ್ ಮೋಟೆಲಿನ ಬಳಿ. ಅದೇ ದಿನ ಕರಿಯರೂ ಬಿಳಿಯರೂ ಕೂಡಿ ಇಳಿದಿದ್ದ ಆ ಮೋಟೆಲಿನ ಈಜುಕೊಳಕ್ಕೆ ವ್ಯವಸ್ಥಾಪಕ ಆಸಿಡ್ ಸುರಿದ. ರಾತ್ರಿ ಜೈಲಿನಲ್ಲಿ ಅವರೆಲ್ಲ ಕೂಡಿ ತಾವು ಬಂದದ್ದೇಕೆಂದು ಒಂದು ಪತ್ರ ಬರೆದರು. ಸಹೋದರನ ರಕ್ತ ಹರಿಯುವಾಗ ಸುಮ್ಮನೆ ನಿಲ್ಲಲಾಗದೆ ಬಂದೆವು, ಹಿಂದೆ ಎಷ್ಟೋ ಸಲ ಹಾಗೆ ನಿಂತಿದ್ದೆವು ಎಂಬುದು ಅದರ ಸಾರ. ‘ನೆರೆಯವನ ರಕ್ತ ಹರಿಯುವಾಗ ಸುಮ್ಮನೆ ನಿಲ್ಲಬೇಡ’ ಎಂಬ ಆಜ್ಞೆ ಇರುವುದೂ ಯಾಜಕಕಾಂಡದ 19ರಲ್ಲೇ, ಹೊಲದ ಮೂಲೆಯಿಂದ ಕೆಲವು ವಚನಗಳಾಚೆ. ಮರುದಿನ ಸೆನೆಟ್ ನಾಗರಿಕ ಹಕ್ಕುಗಳ ಮಸೂದೆಯನ್ನು ಅಂಗೀಕರಿಸಿತು.

ಆ ಕಾಯ್ದೆಯ ಭಾಗಗಳನ್ನು, ಮರುವರ್ಷದ ಮತದಾನ ಹಕ್ಕುಗಳ ಕಾಯ್ದೆಯ ಭಾಗಗಳನ್ನು ಕೂತು ಬರೆದ ಮೇಜು ವಾಷಿಂಗ್ಟನ್‌ನಲ್ಲಿ ರಿಫಾರ್ಮ್ ಪಂಥದ ರಿಲಿಜಿಯಸ್ ಆಕ್ಷನ್ ಸೆಂಟರ್‌ನಲ್ಲಿತ್ತು. ಕಟ್ಟಡಕ್ಕೆ ಹಣ ಕೊಟ್ಟ ಕಿವಿ ಕಪ್ಲಾನ್ ಮುಂದೆ ಕರಿಯರ ಹಕ್ಕುಗಳ ಸಂಸ್ಥೆ ಎನ್‌ಎಎಸಿಪಿಯ ಅಧ್ಯಕ್ಷರೂ ಆದರು. ಇಂದು ಆ ಕೇಂದ್ರ ಲೆಟಾಕೆನ್ ಎಂಬ ಶಿಬಿರ ನಡೆಸುತ್ತದೆ. ಹೈಸ್ಕೂಲ್ ಮಕ್ಕಳು ವಾರಾಂತ್ಯದಲ್ಲಿ ವಾಷಿಂಗ್ಟನ್‌ಗೆ ಹೋಗಿ, ಹಸಿವು, ಪರಿಸರ, ಬಂದೂಕು ನಿಯಂತ್ರಣ, ವಲಸೆ ಮುಂತಾದ ವಿಷಯಗಳಲ್ಲಿ ತಮಗೆ ಬೇಕಾದುದನ್ನು ಆರಿಸಿಕೊಂಡು, ಸಂಬಂಧಪಟ್ಟ ಮಸೂದೆಯನ್ನೂ ತಾಲ್ಮುಡ್ ಪುಟವನ್ನೂ ಅಕ್ಕಪಕ್ಕ ಇಟ್ಟು ಓದುತ್ತಾರೆ. ಭಾನುವಾರ ರಾತ್ರಿ ಭಾಷಣ ಬರೆದು, ಸೋಮವಾರ ತಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಹೋಗಿ ಒಪ್ಪಿಸುತ್ತಾರೆ. ಎದುರಿಗೆ ಬಹಳ ಸಲ ಕೂತಿರುವವರು ಸಂಸದರಲ್ಲ, ಇಪ್ಪತ್ತೈದರ ಹರೆಯದ ಸಹಾಯಕರು. ಪರವಾಗಿಲ್ಲ, ಮಕ್ಕಳಿಗೆ ಆ ಮೆಟ್ಟಿಲು ಹತ್ತುವುದು ಗೊತ್ತಾಯಿತಲ್ಲ.

ಇದಕ್ಕೆ ಯಹೂದಿಗಳೊಳಗಿಂದಲೇ ಬರುವ ಟೀಕೆ ಕಡಿಮೆಯದಲ್ಲ. ಉದಾರವಾದಿ ರಾಜಕೀಯಕ್ಕೆ ಹೀಬ್ರೂ ಶಾಲು ಹೊದಿಸಿದ್ದೀರಿ. ಸಬ್ಬತ್ ಗೊತ್ತಿಲ್ಲ, ಪ್ರಾರ್ಥನೆ ಗೊತ್ತಿಲ್ಲ, ಪೂರ್ತಿ ಒಂದು ಪುಟ ಹೀಬ್ರೂ ಓದಲು ಬರುವುದಿಲ್ಲ, ಲೋಕವನ್ನು ಸರಿಪಡಿಸಲು ಹೊರಟಿದ್ದೀರಿ ಎನ್ನುತ್ತಾರೆ ಸಂಪ್ರದಾಯಸ್ಥರು. ಮಾತಿನಲ್ಲಿ ಹುರುಳಿದೆ. ಹದಿಮೂರರ ಹೊತ್ತಿಗೆ ಬಾರ್ ಮಿಟ್ಸ್ವಾ ಎಂಬ ಪ್ರಾಯಪ್ರವೇಶದ ಸಮಾರಂಭಕ್ಕೆಂದು ಮಕ್ಕಳು ಮಾಡುವ ಸೇವಾ ಯೋಜನೆಗಳಲ್ಲಿ ಎಷ್ಟೋ ಡಬ್ಬಿ ಆಹಾರ ಕೂಡಿಸಿ ಫೋಟೋ ತೆಗೆಸಿಕೊಳ್ಳುವಲ್ಲಿಗೆ ಮುಗಿಯುತ್ತವೆ. ಆರ್ಥೊಡಾಕ್ಸ್ ಮೊಹಲ್ಲಾಗಳಲ್ಲಿ ‘ಸಾಮಾಜಿಕ ನ್ಯಾಯ’ ಎಂಬ ಮಾತನ್ನೇ ಎತ್ತದೆ ಬಡ್ಡಿಯಿಲ್ಲದ ಸಾಲ, ಮದುವೆಯ ಉಡುಪು, ಮಗುವಿನ ತೊಟ್ಟಿಲು ಎಲ್ಲವನ್ನೂ ಎರವಲು ಕೊಡುವ ಗೆಮಾಖ್‌ಗಳು ಸದ್ದಿಲ್ಲದೆ ನಡೆಯುತ್ತವೆ.

ಆದರೂ ನಾನು ವಾಷಿಂಗ್ಟನ್‌ನ ಮೆಟ್ಟಿಲು ಹತ್ತುವ ಮಕ್ಕಳ ಕಡೆಗೇ ವಾಲುತ್ತೇನೆ. ಕಾರಣ ಪ್ರಾಚೀನ ಯಹೂದಿ ಪಂಡಿತ ಹಿಲ್ಲೆಲ್. ಏಳನೆಯ ವರ್ಷದಲ್ಲಿ ಸಾಲಗಳೆಲ್ಲ ಮನ್ನಾ ಆಗಬೇಕೆಂದು ತೋರಾದ ಕಟ್ಟಳೆ, ಬಡವನನ್ನು ಕಾಪಾಡಲೆಂದೇ ಬಂದದ್ದು. ಆ ವರ್ಷ ಹತ್ತಿರವಾದಂತೆ ಉಳ್ಳವರು ಸಾಲ ಕೊಡುವುದನ್ನೇ ನಿಲ್ಲಿಸಿದರು. ಕಾಪಾಡಬೇಕಾದ ಕಾನೂನೇ ಬಡವನ ಕೈಗೆ ಬೀಜದ ದುಡ್ಡು ಸಿಗದಂತೆ ಮಾಡಿತು. ಹಿಲ್ಲೆಲ್ ‘ಪ್ರೊಜ್ಬುಲ್’ ಎಂಬ ಪತ್ರವನ್ನು ಜಾರಿಗೆ ತಂದರು: ಸಾಲವನ್ನು ನ್ಯಾಯಾಲಯಕ್ಕೆ ಒಪ್ಪಿಸಿದರೆ ಅದು ಮನ್ನಾ ಆಗುವುದಿಲ್ಲ. ಉಳ್ಳವರಿಗೆ ಕರುಣೆಯ ಪ್ರವಚನ ಮಾಡುವುದು ಅವರಿಗೆ ಸುಲಭವಿತ್ತು. ಅವರು ಕಾನೂನು ಎಲ್ಲಿ ತೊಡರುತ್ತಿದೆ ಎಂದು ನೋಡಿ ಅಲ್ಲಿ ರಿಪೇರಿ ಮಾಡಿದರು. ತೊಟ್ಟಿಲು ಎರವಲು ಕೊಡುವುದು ದೊಡ್ಡ ಗುಣ. ಆದರೆ ಹಿಲ್ಲೆಲ್ ಮಾಡಿದ್ದು ಅದರಿಂದ ಆಗುವಂಥದ್ದಲ್ಲ.

ಈ ಶಿಕ್ಷಣಕ್ಕೆ ತೆರಬೇಕಾದ ಬೆಲೆಯನ್ನೂ ಹೇಳಬೇಕು. ರಷ್ಯಾದಿಂದ ಓಡಿಬಂದ ಯಹೂದಿಗಳಿಗೆ ನೆರವಾಗಲು ಹುಟ್ಟಿದ ಹಿಯಾಸ್ ಸಂಸ್ಥೆ ಈಗ ಎಲ್ಲ ಧರ್ಮಗಳ ನಿರಾಶ್ರಿತರಿಗೂ ದುಡಿಯುತ್ತದೆ. 2018ರ ಅಕ್ಟೋಬರ್‌ನಲ್ಲಿ ಅದು ದೇಶದ ಸಿನಗಾಗ್‌ಗಳಲ್ಲಿ ನಿರಾಶ್ರಿತರ ಸಬ್ಬತ್ ಆಚರಿಸಲು ಕರೆಕೊಟ್ಟಿತ್ತು. ಪಿಟ್ಸ್‌ಬರ್ಗಿನ ಟ್ರೀ ಆಫ್ ಲೈಫ್ ಕಟ್ಟಡದಲ್ಲಿ ಸೇರುತ್ತಿದ್ದ ಒಂದು ಸಭೆ ಅದರಲ್ಲಿ ಪಾಲ್ಗೊಂಡಿತ್ತು. ಅಕ್ಟೋಬರ್ 27ರ ಬೆಳಿಗ್ಗೆ ಬಂದೂಕುಧಾರಿ ಅಲ್ಲಿ ಹನ್ನೊಂದು ಮಂದಿಯನ್ನು ಕೊಂದ. ಅದಕ್ಕೆ ಮುನ್ನ ಅವನು ಹಿಯಾಸ್ ಹೆಸರೆತ್ತಿ ದ್ವೇಷ ಬರೆದಿದ್ದ. ಈಗ ಅನೇಕ ಸಿನಗಾಗ್‌ಗಳ ಬಾಗಿಲಲ್ಲಿ ಕಾವಲುಗಾರರಿದ್ದಾರೆ. ಒಳಗೆ ‘ಹಸಿದವರೆಲ್ಲ ಬನ್ನಿ, ಉಣ್ಣಿ’ ಎಂಬ ಹಬ್ಬದ ಸಾಲು, ಹೊರಗೆ ಗುರುತಿನ ಚೀಟಿ ತೋರಿಸಿ ಎನ್ನುವ ಕಾವಲು. ಎರಡೂ ಅಗತ್ಯ ಎಂಬುದೇ ಸಂಕಟ.

ಇಸ್ರೇಲ್ ಮತ್ತು ಪ್ಯಾಲೆಸ್ತೀನಿನ ಪ್ರಶ್ನೆ ಬಂದಾಗ ಇದೇ ತರಗತಿಗಳು ಬಿರಿಯುತ್ತವೆ. 2023ರ ಅಕ್ಟೋಬರ್ 7ರ ಹತ್ಯಾಕಾಂಡ, ಆಮೇಲಿನ ಗಾಜಾ ಯುದ್ಧ. ಪರದೇಶಿಯ ವಚನವನ್ನು ಬಾಯಿಪಾಠ ಮಾಡಿಸಿದ ಹಿರಿಯರನ್ನು ಅದೇ ವಚನ ಹಿಡಿದು ಪ್ರಶ್ನಿಸುವ ಮಕ್ಕಳು, ನಮ್ಮವರ ದುಃಖಕ್ಕೆ ನಿಮ್ಮಲ್ಲಿ ಜಾಗವಿಲ್ಲವೇ ಎನ್ನುವ ಹಿರಿಯರು. ಹೊರಗಿನವಳಾದ ನಾನು ತೀರ್ಪು ಕೊಡಲು ಹೋಗುವುದಿಲ್ಲ. ಇಷ್ಟು ಮಾತ್ರ: ಪ್ರಶ್ನೆ ಕೇಳುವುದನ್ನು ಕಲಿಸಿದ ಮೇಲೆ ಯಾವ ಪ್ರಶ್ನೆ ಎಂದು ಕಲಿಸಿದವರು ಆರಿಸಲಾಗದು.

ನಮ್ಮ ಕನ್ನಡ ಶಾಲೆಯ ಸಮಿತಿಯಲ್ಲಿ ಇದನ್ನೆಲ್ಲ ಹೇಳಿದಾಗ ಹಿರಿಯರೊಬ್ಬರು, ‘ನಮ್ಮಲ್ಲೇ ದಾಸೋಹ ಇದೆಯಲ್ಲಮ್ಮ, ಅವರಿಂದ ತರುವುದೇನಿದೆ’ ಎಂದರು. ಇದೆ, ನಿಜ. ಅದನ್ನು ವಚನ ಕಂಠಪಾಠ ಸ್ಪರ್ಧೆಯಲ್ಲಿ ನಾಲ್ಕು ಸಾಲು ಮಾಡಿ, ಉಚ್ಚಾರಣೆಗೆ ಅಂಕ ಹಾಕಿ, ಸ್ಟೀಲ್ ಲೋಟ ಕೊಟ್ಟು ಮನೆಗೆ ಕಳಿಸುತ್ತೇವೆ. ಎರಡು ಪರಂಪರೆಗಳೂ ಒಂದೇ ಎಂದು ಸಾರುವ ಉತ್ಸಾಹ ನನಗಿಲ್ಲ. ಕಾಯಕ, ದಾಸೋಹಗಳಿಗೆ ಅವುಗಳದೇ ತರ್ಕವಿದೆ, ಅವುಗಳದೇ ಜಗಳಗಳಿವೆ. ಆ ಜಗಳಗಳನ್ನು ನಾವು ಮಕ್ಕಳ ಮುಂದೆ ಬಿಚ್ಚಿಲ್ಲ.

ಕೊನೆಗೆ ಒಂದು ಸಣ್ಣ ಪ್ರಯೋಗಕ್ಕೆ ಒಪ್ಪಿಗೆ ಸಿಕ್ಕಿತು. ದೊಡ್ಡ ಮಕ್ಕಳ ತರಗತಿ ಊರಿನ ಬಜೆಟ್ಟನ್ನು ಓದಿತು. ಗ್ರಂಥಾಲಯದ ಸಂಜೆಯ ವೇಳೆ ಕಡಿತವಾಗುವುದು ಅವರ ಕಣ್ಣಿಗೆ ಬಿತ್ತು. ಆ ಹೊತ್ತಿನಲ್ಲಿ ಅಲ್ಲಿ ಕಂಪ್ಯೂಟರ್ ಬಳಸುವವರು ಮನೆಯಲ್ಲಿ ಇಂಟರ್‌ನೆಟ್ ಇಲ್ಲದವರು ಎಂದು ಗ್ರಂಥಪಾಲಕರನ್ನು ಕೇಳಿ ತಿಳಿದುಕೊಂಡರು. ಪುರಸಭೆಯ ಸಭೆಯಲ್ಲಿ ಸಾರ್ವಜನಿಕರಿಗೆ ಮೂರು ನಿಮಿಷ ಮಾತನಾಡಲು ಅವಕಾಶವಿದೆ. ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಮಾತನಾಡುತ್ತೇನೆ ಎಂದಳು. ಅವಳ ತಂದೆ ಫೋನ್ ಮಾಡಿ, ‘ಮೇಡಂ, ನಮ್ಮ ಹಸಿರು ಕಾರ್ಡು ಇನ್ನೂ ಬಂದಿಲ್ಲ, ಇದೆಲ್ಲ ನಮಗೆ ಬೇಕೇ?’ ಎಂದು ಕೇಳಿದರು. ಭಯ ಉತ್ಪ್ರೇಕ್ಷೆಯದಲ್ಲ, ಈ ದಿನಗಳಲ್ಲಿ ಅದನ್ನು ತಳ್ಳಿಹಾಕುವವಳು ನಾನಲ್ಲ. ನಿರ್ಧಾರ ನಿಮ್ಮ ಮನೆಯದು ಎಂದೆ. ಸಭೆ ಮುಂದಿನ ತಿಂಗಳಿಗೆ ಹೋಗಿದೆ. ಹುಡುಗಿ ಭಾಷಣವನ್ನು ಇನ್ನೂ ಕತ್ತರಿಸುತ್ತಿದ್ದಾಳೆ, ಓದಿದರೆ ನಾಲ್ಕು ನಿಮಿಷವಾಗುತ್ತದೆ. ತಂದೆ ಇನ್ನೂ ಹೂಂ ಎಂದಿಲ್ಲ.